ಬಾಲ ಬಿಟ್ಟ ಕ್ಷುದ್ರಗ್ರಹಗಳು: ಮೊದ್ಲು ಮನೆತನ ಕೇಳಿ

ಡಿಸೆಂಬರ್ 13-14ರ ರಾತ್ರಿ ತೀರ್ಥಹಳ್ಳಿ, ಹೊಸನಗರ ಕಡೆ ಅಡಿಕೆ ಸುಲಿತಾ ಕೂತೋರು ಒಂದ್ಸಲ ಅಂಗಳಕ್ಕೆ ಬಂದು ತಲೆ ಎತ್ತಿದ್ರೆ ಸಾಕು, ಮೋಡ ಇಲ್ದಿದ್ರೆ ಒಂದೆರಡಾದ್ರೂ ಉಲ್ಕೆ ಕಾಣುತ್ತೆ. ಅವು ಜೆಮಿನಿಡ್ ಉಲ್ಕೆಗಳು. ಉಲ್ಕಾಪಾತ ಅಂದ್ರೆ ಧೂಮಕೇತು ಬಿಟ್ಟುಹೋದ ಧೂಳು ಅಂತ ಹೈಸ್ಕೂಲಲ್ಲಿ ಓದಿರ್ತೀವಿ, ಆದ್ರೆ ಇದ್ರ ಮೂಲ 3200 ಫೇಥಾನ್ ಅನ್ನೋ ಕ್ಷುದ್ರಗ್ರಹ, 1983ರಲ್ಲಿ ಐರಾಸ್ ಸ್ಯಾಟಲೈಟ್ ಹಿಡಿದಿದ್ದು. ಬುಧನಿಗಿಂತ ಅರ್ಧದಷ್ಟು ದೂರಕ್ಕೂ ಒಳಗೆ ನುಗ್ಗಿ ಸೂರ್ಯನ ಹತ್ರ ಹೋಗಿ ಬರೋ ಬಂಡೆ ಅದು, ಅಲ್ಲಿ ಐಸ್ ಉಳಿಯೋ ಮಾತೇ ಇಲ್ಲ. ಆದ್ರೂ ಆ ಟೈಮಲ್ಲಿ ಅದಕ್ಕೆ ಪುಟ್ಟ ಬಾಲ ಬರುತ್ತೆ. ಮೊದ್ಲು ಧೂಳು ಅಂದ್ಕೊಂಡಿದ್ರು, 2023ರಲ್ಲಿ ನೋಡಿದ್ರೆ ಅದು ಸೋಡಿಯಂ!

ಹಳೇ ಲೆಕ್ಕ ಸಿಂಪಲ್ ಆಗಿತ್ತು. ದೂರದಿಂದ ಬರೋದು, ಐಸ್ ಇರೋದು, ಬಾಲ ಬಿಡೋದು ಧೂಮಕೇತು. ಮಂಗಳ-ಗುರು ಮಧ್ಯೆ ಬೆಲ್ಟಲ್ಲಿ ಸುಮ್ನೆ ಸುತ್ತೋ ಕಲ್ಲು ಕ್ಷುದ್ರಗ್ರಹ. 1996ರಲ್ಲಿ ಎರಿಕ್ ಎಲ್ಸ್ಟ್ ಮತ್ತೆ ಗಿಡೋ ಪಿಜಾರೋ ಚಿಲಿಯ ಲಾ ಸಿಲ್ಲಾ ವೀಕ್ಷಣಾಲಯದಲ್ಲಿ ತೆಗೆದ ಫೋಟೋದಲ್ಲಿ ಬೆಲ್ಟಿನೊಳಗಿನ ಒಂದು ಕಲ್ಲಿಗೆ ಉದ್ದ ಬಾಲ ಕಾಣಿಸ್ತು. ಹುಡುಕಿದ್ರೆ ಅದು 1979ರಲ್ಲೇ ಕ್ಷುದ್ರಗ್ರಹ ಅಂತ ದಾಖಲಾಗಿತ್ತು. ಈಗ ಅದಕ್ಕೆ ಧೂಮಕೇತುಗಳ ಪಟ್ಟಿಯಲ್ಲಿ 133ಪಿ ಅಂತಾರೆ. ಏನೋ ಬಂದು ಗುದ್ದಿ ಧೂಳೆದ್ದಿರಬೇಕು ಅಂತ ಕೆಲವ್ರು ಅಂದ್ರು, ತಪ್ಪೇನಿಲ್ಲ, ಆಗ ಹಂಗೇ ಅನ್ಸೋದು. ಆದ್ರೆ 2002ರಲ್ಲಿ ಖಗೋಳ ವಿಜ್ಞಾನಿಗಳಾದ ಹೆನ್ರಿ ಶೇ ಮತ್ತೆ ಡೇವಿಡ್ ಜೂವಿಟ್ ನೋಡಿದಾಗ ಬಾಲ ವಾಪಸ್ ಬಂದಿತ್ತು, 2007, 2013ರಲ್ಲಿ ಮತ್ತೆ. ಸೂರ್ಯನ ಸುತ್ತ ಒಂದು ರೌಂಡಿಗೆ ಅದಕ್ಕೆ ಐದೂವರೆ ವರ್ಷದ ಮೇಲೆ ಬೇಕು, ಪ್ರತಿ ರೌಂಡಲ್ಲೂ ಅದೇ ಜಾಗದಲ್ಲಿ ಯಾರೋ ಬಂದು ಗುದ್ದಿ ಹೋಗ್ತಾರಾ ಮಾರಾಯ್ರೆ? ಒಳಗೆ ಐಸ್ ಇದೆ, ಬಿಸಿಲಿಗೆ ಆವಿಯಾಗಿ ಧೂಳು ಎಬ್ಬಿಸ್ತಿದೆ ಅನ್ನೋದೇ ಸರಿ ಹೊಂದೋದು. 2005ರಲ್ಲಿ ಇನ್ನೆರಡು ಸಿಕ್ಕ ಮೇಲೆ 2006ರಲ್ಲಿ ಇವರಿಬ್ರೂ ಇದು ಬೆಲ್ಟಲ್ಲೇ ಇರೋ ಧೂಮಕೇತುಗಳ ಒಂದು ಗುಂಪು ಅಂತ ಬರೆದ್ರು.

ಆದ್ರೆ ಐಸ್ ಇಷ್ಟು ದಿನ ಹೆಂಗೆ ಉಳೀತು ಅನ್ನೋದು ಬಾಕಿ ಇತ್ತು. ನಂಗೆ ಇಡೀ ಕಥೇಲಿ ಇದೇ ರುಚಿ ಅನ್ಸೋದು. 1918ರಲ್ಲಿ ಜಪಾನಿನ ಕಿಯೋತ್ಸುಗು ಹಿರಾಯಾಮ ಕ್ಷುದ್ರಗ್ರಹಗಳ ಕಕ್ಷೆ ಹೋಲಿಸಿ ಕೆಲವು ಒಂದೇ ತಾಯಿಬಂಡೆ ಒಡೆದು ಆದವು ಅಂತ ತೋರ್ಸಿದ್ರು, ಥೀಮಿಸ್, ಇಯೋಸ್, ಕೊರೋನಿಸ್ ಕುಟುಂಬಗಳು ಅವ್ರದ್ದೇ. ನಮ್ಮಲ್ಲಿ ದೊಡ್ಡ ಮನೆ ಹಿಸ್ಸೆ ಆಗಿ ಅಣ್ಣತಮ್ಮಂದಿರು ಬೇರೆ ಬೇರೆ ಕಟ್ಕೊಂಡ್ರೂ ತೋಟದ ಬೇಲಿ ನೋಡಿದ್ರೆ ಮೂಲ ಗೊತ್ತಾಗುತ್ತಲ್ಲ, ಹಂಗೆ. 133ಪಿ ಥೀಮಿಸ್ ಮನೆಯದ್ದು, 2010ರಲ್ಲಿ ಆ ಮನೆ ಯಜಮಾನ 24 ಥೀಮಿಸ್ ಮೇಲೇ ಐಸ್ ಗುರುತು ಸಿಕ್ತು. ಆದ್ರೆ ಥೀಮಿಸ್ ಒಡೆದಿದ್ದು ನೂರಾರು ಕೋಟಿ ವರ್ಷ ಹಿಂದೆ, ಅಷ್ಟು ಹಳೇ ಪುಟ್ಟ ಚೂರು ಇಷ್ಟೊತ್ತಿಗೆ ಗುದ್ದಿಸಿಕೊಂಡು ಪುಡಿ ಆಗಿರ್ಬೇಕಿತ್ತು. ಉತ್ತರ ಅಂದ್ರೆ ಆ ಕುಟುಂಬದೊಳಗೇ ಬೀಗಲ್ ಅನ್ನೋ ಸಣ್ಣ ಕುಟುಂಬ ಇದೆ, ಒಂದು ಕೋಟಿ ವರ್ಷಕ್ಕಿಂತ ಈಚಿನದ್ದು, 133ಪಿ ಅದ್ರಲ್ಲೇ ಬರುತ್ತೆ. 288ಪಿ ಅನ್ನೋ ಇನ್ನೊಂದು ಬಾಲದ ಕಲ್ಲಿನ ಬಳಗದ ಕಕ್ಷೆಗಳನ್ನ ಕಂಪ್ಯೂಟರಲ್ಲಿ ಹಿಂದಕ್ಕೆ ಓಡಿಸಿದ್ರೆ ಸುಮಾರು 75 ಲಕ್ಷ ವರ್ಷದ ಹಿಂದೆ ಎಲ್ಲ ಒಂದು ಕಡೆ ಸೇರ್ತವೆ. ಅಂದ್ರೆ ದೊಡ್ಡ ಬಂಡೆಯ ಆಳದಲ್ಲಿ ಭದ್ರವಾಗಿದ್ದ ಐಸು, ಬಂಡೆ ಒಡೆದಾಗ ಚೂರುಗಳಲ್ಲಿ ಮೇಲೆ ಬಂತು, ಧೂಳಿನ ಪದರ ಅದನ್ನ ಮತ್ತೆ ಮುಚ್ತು, ಆಮೇಲೆ ಸಣ್ಣ ಕಲ್ಲೊಂದು ಬಡಿದು ಎಲ್ಲೋ ಗುಳಿ ಬಿದ್ರೆ ಅಲ್ಲಿಂದ ಆವಿ.

ಎಲ್ಲ ಬಾಲಕ್ಕೂ ಐಸ್ ಬೇಕಿಲ್ಲ. 2010ರ ಕೊನೇಲಿ ಷೀಲಾ ಅನ್ನೋ ಕ್ಷುದ್ರಗ್ರಹ ಧೂಳೆಬ್ಬಿಸಿದ್ದು ನಿಜವಾಗ್ಲೂ ಡಿಕ್ಕಿ ಆಗಿ. 2019ರಲ್ಲಿ ಗಾಲ್ಟ್ ಬಾಲ ಬಿಟ್ಟಿದ್ದು ವಿಪರೀತ ಜೋರಾಗಿ ತಿರುಗಿ, ಎರಡು-ಎರಡೂವರೆ ಗಂಟೆಗೆ ಒಂದು ಸುತ್ತು, ಮೈಮೇಲಿನ ಧೂಳೇ ನಿಲ್ಲಲ್ಲ. ಕೋಟ್ಯಂತರ ವರ್ಷ ಬಿಸಿಲಿನ ಸಣ್ಣ ತಳ್ಳಾಟಕ್ಕೇ ಆ ಸ್ಪೀಡ್ ಬರೋದು. ಆ ಸುತ್ತು ಅಳೆದೋರಲ್ಲಿ ಲಡಾಖಿನ ಹಾನ್ಲೆಯ ಹಿಮಾಲಯನ್ ಚಂದ್ರ ಟೆಲಿಸ್ಕೋಪೂ ಇತ್ತು, ಅದನ್ನ ಓಡ್ಸೋದು ನಮ್ಮ ಹೊಸಕೋಟೆಯಿಂದ.

ಹಂಗಾಗಿ ಬಾಲ ಕಂಡ ಕೂಡ್ಲೆ ಐಸ್ ಅಂತ ಬರೆಯೋ ಪೇಪರ್‌ನೋರ ಮೇಲೆ ನಂಗೆ ಸ್ವಲ್ಪ ಸಿಟ್ಟು. ಬೆಲ್ಟಿನ ಹೊರ ಅಂಚಿನ ಥೀಮಿಸ್ ಥರದ ಕಪ್ಪು ಕುಟುಂಬ ಆದ್ರೆ ಐಸ್ ಇರ್ಬೋದು, ಒಳ ಅಂಚಿನ ಫ್ಲೋರಾ ಥರದ ಕಲ್ಲಿನ ಕುಟುಂಬ ಆದ್ರೆ ಡಿಕ್ಕಿನೋ ತಿರುಗಾಟನೋ ಮೊದ್ಲು ನೋಡ್ಬೇಕು. 2023ರಲ್ಲಿ ಜೇಮ್ಸ್ ವೆಬ್ ಟೆಲಿಸ್ಕೋಪು 238ಪಿ ರೀಡ್ ಸುತ್ತ ನೀರಾವಿಯನ್ನೇ ನೇರವಾಗಿ ಹಿಡೀತು, ಬೆಲ್ಟಿನ ಧೂಮಕೇತುಗಳಲ್ಲಿ ಅದೇ ಮೊದ್ಲು. ಆದ್ರೆ ಬೇರೆ ಧೂಮಕೇತುಗಳಲ್ಲಿ ಧಾರಾಳ ಇರೋ ಕಾರ್ಬನ್ ಡೈಆಕ್ಸೈಡ್ ಕಾಣ್ಲೇ ಇಲ್ಲ. ಬೆಚ್ಚಗಿನ ಜಾಗದಲ್ಲಿದ್ದು ಕಾಲಕ್ರಮೇಣ ಖಾಲಿ ಆಯ್ತೋ, ಹುಟ್ಟುವಾಗ್ಲೇ ಇರ್ಲಿಲ್ವೋ, ಜಗಳ ನಡೀತಿದೆ. ಇತ್ತ 2025ರ ಮೇನಲ್ಲಿ ಚೀನಾ ಹಾರಿಬಿಟ್ಟ ತಿಯಾನ್ವೆನ್-2 ನೌಕೆ ಮೊದ್ಲು ಬೇರೊಂದು ಪುಟ್ಟ ಬಂಡೆಯ ಸ್ಯಾಂಪಲ್ ಕಳ್ಸಿ, 2035ರ ಹೊತ್ತಿಗೆ 311ಪಿ ಹತ್ರ ಹೋಗುತ್ತೆ. 2013ರಲ್ಲಿ ಹಬಲ್ ಫೋಟೋದಲ್ಲಿ ಆರಾರು ಬಾಲ ಬಿಟ್ಕೊಂಡಿದ್ದ, ಫ್ಲೋರಾ ಕಡೆಯ ಆಸಾಮಿ ಅದು.