ಗ್ರೀನ್ ಕಾರ್ಡ್ ಸಾಲು ಇಷ್ಟು ಉದ್ದ ಆಗಿದ್ದು ಹೇಗೆ?

ಅಮೆರಿಕದಲ್ಲಿ ಕೆಲಸ ಮಾಡುವ ಕನ್ನಡಿಗರ ಮನೆಗಳಲ್ಲಿ ತಿಂಗಳಿಗೊಮ್ಮೆ ಒಂದು ಮಾತು ಬಂದೇ ಬರುತ್ತದೆ: "ಡೇಟ್ ಮುಂದೆ ಹೋಯ್ತಾ?" ಅಲ್ಲಿನ ವಿದೇಶಾಂಗ ಇಲಾಖೆ ಪ್ರತಿ ತಿಂಗಳೂ ವೀಸಾ ಬುಲೆಟಿನ್ ಹೊರಡಿಸುತ್ತದೆ. ಯಾವ ದೇಶದವರು ಯಾವ ದಿನಾಂಕಕ್ಕೆ ಮುಂಚೆ ಸಾಲು ಸೇರಿದ್ದರೆ ಈಗ ಗ್ರೀನ್ ಕಾರ್ಡ್, ಅಂದರೆ ಅಲ್ಲೇ ಕಾಯಂ ಆಗಿ ನೆಲೆಸುವ ಅನುಮತಿ, ಸಿಗುತ್ತದೆ ಅಂತ ಅದರಲ್ಲಿರುತ್ತದೆ. ಮಾಸ್ಟರ್ಸ್ ಓದಿದವರು ಹೆಚ್ಚಾಗಿ ಸೇರುವ ಇಬಿ-2 ಸಾಲಿನಲ್ಲಿ, 2025ರ ಅಕ್ಟೋಬರ್‌ನಲ್ಲೂ ಭಾರತದವರ ದಿನಾಂಕ 2013ರಲ್ಲೇ ಇತ್ತು.

ಆಫೀಸಿನವರು ನಿಧಾನ, ಅದಕ್ಕೇ ಹೀಗೆ ಅಂತ ಊರಲ್ಲಿ ಎಷ್ಟೋ ಜನ ಅಂದುಕೊಂಡಿದ್ದಾರೆ. ಆದರೆ ಗಂಟು ಇರುವುದು ಕಾನೂನಿನಲ್ಲೇ.

1917ರಲ್ಲಿ ಅಮೆರಿಕ ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗಕ್ಕೆ ಬಾಗಿಲು ಹಾಕಿತು. ಭಗತ್ ಸಿಂಗ್ ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲೇ ಇದ್ದವರು. ಅವರು 'ಬಿಳಿಯ' ಅಲ್ಲ, ಹಾಗಾಗಿ ಪೌರರಾಗುವಂತಿಲ್ಲ ಎಂದು 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆಗಲೇ ಪೌರತ್ವ ಪಡೆದಿದ್ದ ಕೆಲವು ಭಾರತೀಯರೂ ಅದನ್ನು ಕಳೆದುಕೊಂಡರು. 1946ರಲ್ಲಿ ಕಾನೂನು ಬದಲಾಗಿ ಪೌರತ್ವದ ಹಕ್ಕು ಸಿಕ್ಕಿತು. ಆದರೆ ಭಾರತದಿಂದ ಹೋಗಿ ನೆಲೆಸಬಹುದಾದವರು ವರ್ಷಕ್ಕೆ ಬರೀ 100 ಜನ!

1965ರಲ್ಲಿ ಯುರೋಪಿನ ಕಡೆಗೆ ವಾಲಿದ್ದ ಹಳೆಯ ಕೋಟಾ ಹೋಯಿತು. ಯಾವ ದೇಶಕ್ಕೂ ಜಾಸ್ತಿ ಇಲ್ಲ, ಕಡಿಮೆ ಇಲ್ಲ, ಎಲ್ಲರಿಗೂ ಒಂದೇ ಮಿತಿ ಎಂಬ ಯೋಚನೆ ಬಂತು. ಆ ಕಾಲಕ್ಕೆ ಅದು ನಿಜಕ್ಕೂ ನ್ಯಾಯದ ಮಾತು. ನಮ್ಮ ಡಾಕ್ಟರುಗಳು, ಎಂಜಿನಿಯರುಗಳು ದೊಡ್ಡ ಸಂಖ್ಯೆಯಲ್ಲಿ ಹೋಗತೊಡಗಿದ್ದು ಆಮೇಲೆಯೇ.

ಇಂದಿನ ಕಗ್ಗಂಟು ಬಿದ್ದಿದ್ದು 1990ರ ಕಾನೂನಿನಲ್ಲಿ. ಸಾಮಾನ್ಯವಾಗಿ ಹೆಚ್ಚೆಂದರೆ ಆರು ವರ್ಷ ಅಲ್ಲಿ ಕೆಲಸ ಮಾಡಲು ಬಿಡುವ ಎಚ್-1ಬಿ ವೀಸಾ ಹುಟ್ಟಿದ್ದು ಅದರಿಂದ; ವರ್ಷಕ್ಕೆ 65,000. ಕೆಲಸದ ಮೇಲೆ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000 ಎಂದು ನಿಗದಿ ಮಾಡಿದ್ದೂ ಅದೇ. ಗಂಡ, ಹೆಂಡತಿ, ಮಕ್ಕಳೂ ಈ ಲೆಕ್ಕದೊಳಗೇ ಬರುತ್ತಾರೆ. ಒಂದು ದೇಶಕ್ಕೆ ಶೇ. 7ರ ಮಿತಿ. ಪುಟ್ಟ ಐಸ್‌ಲ್ಯಾಂಡಿಗೂ ಅಷ್ಟೇ, ಭಾರತಕ್ಕೂ ಅಷ್ಟೇ. ಒಟ್ಟು ಕಾರ್ಡುಗಳಲ್ಲಿ ಒಂದು ಭಾಗ ಮಾತ್ರ ಇಬಿ-2ಗೆ; ಅದರಲ್ಲಿ ಶೇ. 7 ಹಿಡಿದರೆ ನಮ್ಮ ಪಾಲು ವರ್ಷಕ್ಕೆ ಸುಮಾರು 2,800. ಬೇರೆಯವರು ಬಳಸದೆ ಉಳಿದರೆ ಒಂದಿಷ್ಟು ಜಾಸ್ತಿ ಸಿಗಬಹುದು.

ಎಚ್-1ಬಿಗೆ ಮಾತ್ರ ದೇಶದ ಮಿತಿ ಇಲ್ಲ. ಹಾಗಾಗಿ ಅದರಲ್ಲಿ ಭಾರತೀಯರದ್ದೇ ದೊಡ್ಡ ಪಾಲು. ಜಾತ್ರೆಯ ದಿನ ಹೊರಬಾಗಿಲಲ್ಲಿ ಎಲ್ಲರನ್ನೂ ಬಿಟ್ಟುಕೊಂಡು, ಗರ್ಭಗುಡಿ ಹತ್ತಿರ ಬಂದಾಗ 'ಒಂದೊಂದು ಊರಿಂದ ಇಷ್ಟೇ ಜನ' ಅಂದ ಹಾಗೆ. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮ ಬೆಳೆಯುತ್ತಿದ್ದ ಕಾಲದಲ್ಲೇ, 2001ರಿಂದ 2003ರವರೆಗೆ, ಎಚ್-1ಬಿ ಮಿತಿಯನ್ನು 1,95,000ಕ್ಕೆ ಏರಿಸಿದರು. ಒಳಬಾಗಿಲು ಅಗಲ ಆಗಲಿಲ್ಲ. ಗ್ರೀನ್ ಕಾರ್ಡಿಗೆ ಕಾಯುತ್ತಿರುವವರು ಆರು ವರ್ಷ ಮುಗಿದ ಮೇಲೂ ವೀಸಾ ಮುಂದುವರಿಸಬಹುದು ಎಂದು 2000ದ ಕಾನೂನು ದಾರಿ ಮಾಡಿಕೊಟ್ಟಿತು. ಅದು ದೊಡ್ಡ ಆಸರೆ. ಆದರೆ ಸಾಲಿನಲ್ಲಿ ನಿಂತವರು ಅಲ್ಲೇ ನಿಂತರು.

ಈ ಲೆಕ್ಕಕ್ಕೆ ಬೇಕಾಗಿರುವುದು ಹುಟ್ಟಿದ ದೇಶ, ಪಾಸ್‌ಪೋರ್ಟ್ ಅಲ್ಲ. ಮೈಸೂರಿನಲ್ಲಿ ಹುಟ್ಟಿ ಕೆನಡಾದ ಪೌರರಾದವರೂ ಭಾರತದ ಸಾಲಿನಲ್ಲೇ ನಿಲ್ಲಬೇಕು. ಹೆಂಡತಿ ಅಥವಾ ಗಂಡ ಬೇರೆ ದೇಶದಲ್ಲಿ ಹುಟ್ಟಿದ್ದರೆ ಅವರ ಸಾಲಿಗೆ ಹೋಗಬಹುದು.

ನನಗೆ ತುಂಬಾ ನೋವಾಗುವುದು ಮಕ್ಕಳ ವಿಷಯದಲ್ಲಿ. ಎರಡು, ಮೂರು ವರ್ಷದವರಿದ್ದಾಗ ಅಪ್ಪ ಅಮ್ಮನ ಜೊತೆ ಹೋಗಿ, ಅಲ್ಲೇ ಶಾಲೆ ಕಲಿತವರು 21 ತುಂಬಿದಾಗ ಅಪ್ಪ ಅಮ್ಮನ ಅರ್ಜಿಯಿಂದ ಹೊರಗೆ ಬೀಳುತ್ತಾರೆ. ಸ್ವಲ್ಪ ದಿನ ವಿನಾಯಿತಿ ಕೊಡುವ ಕಾನೂನು 2002ರಲ್ಲಿ ಬಂತು. ಹತ್ತು, ಹದಿನೈದು ವರ್ಷ ಕಾಯುವವರಿಗೆ ಅದು ಸಾಲುವುದಿಲ್ಲ. ಮುಂದೆ ಸ್ಟೂಡೆಂಟ್ ವೀಸಾ ಹುಡುಕಬೇಕು, ಇಲ್ಲವೇ ಗುರುತೇ ಇಲ್ಲದ 'ಊರಿಗೆ' ವಾಪಸಾಗಬೇಕು.

ಸರಿಪಡಿಸುವ ಪ್ರಯತ್ನ ಆಗಲಿಲ್ಲ ಅಂತಲ್ಲ. 2019ರಲ್ಲಿ ದೇಶದ ಮಿತಿ ತೆಗೆಯುವ ಮಸೂದೆ ಅಲ್ಲಿನ ಕೆಳಮನೆಯಲ್ಲಿ 365–65 ಮತಗಳಿಂದ ಗೆದ್ದಿತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ಬೇರೆ ರೂಪದ ಮಸೂದೆಗೆ ಒಪ್ಪಿತು. ಎರಡನ್ನೂ ಒಂದು ಮಾಡುವಷ್ಟರಲ್ಲಿ ಆ ಸಂಸತ್ತಿನ ಅವಧಿ ಮುಗಿಯಿತು. ಒಟ್ಟು ಸಂಖ್ಯೆ ಏರಿಸದೆ ಮಿತಿ ತೆಗೆದರೆ ಬೇರೆ ದೇಶದವರ ಕಾಯುವಿಕೆ ಉದ್ದವಾಗುತ್ತದೆ ಎಂಬ ವಿರೋಧದಲ್ಲಿ ಹುರುಳಿದೆ. ಹಾಗಾದರೆ ಒಟ್ಟು ಸಂಖ್ಯೆಯನ್ನೇ ಏರಿಸಬೇಕು ಅಲ್ವಾ? 1990ರಲ್ಲಿ ಹಾಕಿದ ಅಳತೆ ಇದು. 2025ರ ಸೆಪ್ಟೆಂಬರ್‌ನಲ್ಲಿ ಹೊರದೇಶದಿಂದ ಹೊಸಬರನ್ನು ಕರೆಸುವ ಎಚ್-1ಬಿ ಅರ್ಜಿಗಳಿಗೆ 1,00,000 ಡಾಲರ್ ಶುಲ್ಕ ಬಂತು. ಈಗ ಹೊರಬಾಗಿಲೂ ಕಿರಿದಾಯಿತು.

ಗ್ರೀನ್ ಕಾರ್ಡ್ ಸಿಕ್ಕ ಮೇಲೆ ಸಾಮಾನ್ಯವಾಗಿ ಐದು ವರ್ಷಕ್ಕೆ ಪೌರತ್ವದ ಅರ್ಜಿ ಹಾಕಬಹುದು. ಇಂಗ್ಲಿಷ್ ಮತ್ತು ಅಮೆರಿಕದ ಇತಿಹಾಸದ ಪರೀಕ್ಷೆ, ಕೊನೆಗೆ ಪ್ರಮಾಣವಚನ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ, ಹಾಗಾಗಿ ಭಾರತದ ಪಾಸ್‌ಪೋರ್ಟ್ ಒಪ್ಪಿಸಲೇಬೇಕು. ಬದಲಿಗೆ ಒಸಿಐ ಕಾರ್ಡ್ ಮಾಡಿಸಿಕೊಳ್ಳಬಹುದು. ಅದಿದ್ದರೆ ವೀಸಾ ಇಲ್ಲದೆ ಊರಿಗೆ ಬಂದು ಎಷ್ಟು ದಿನ ಬೇಕಾದರೂ ಇರಬಹುದು, ಆದರೆ ವೋಟು ಹಾಕುವಂತಿಲ್ಲ. ಅಪ್ಪನಿಂದ ಬಂದ ಅಡಿಕೆ ತೋಟ ಇಟ್ಟುಕೊಳ್ಳಬಹುದು. ಪಕ್ಕದ ಜಮೀನು ಕೊಳ್ಳುವಂತಿಲ್ಲ.