ಪದ ಪರಿಚಯ: ಗಿಟ್ ಬ್ಯಾಷ್

ಮಾನ್ಯತಾದಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಸೀನಿಯರ್ ಬೇಗನೇ ಹೇಳುವ ಮಾತು: 'ಗಿಟ್ ಬ್ಯಾಷ್ ಓಪನ್ ಮಾಡಪ್ಪ.' ಕೈಗೆ ಕೊಟ್ಟಿರುವ ಲ್ಯಾಪ್‌ಟಾಪ್ ವಿಂಡೋಸ್, ಕೋಡ್ ಓಡುವ ಸರ್ವರ್ ಲಿನಕ್ಸ್. ನಡುವೆ ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸುವ ಈ ಕಪ್ಪು ಕಿಟಕಿ. ಇದು ಗಿಟ್ (ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಸಾಧನ) ಕಮಾಂಡ್ ಹೊಡೆಯೋಕೆ ಮಾತ್ರ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅಷ್ಟೇ ಅಲ್ಲ. ಇದರೊಳಗೆ ಒಂದು ಪುಟ್ಟ ಯುನಿಕ್ಸ್ (ಲಿನಕ್ಸ್‌ಗೆ ಮಾದರಿಯಾದ ಆಪರೇಟಿಂಗ್ ಸಿಸ್ಟಂ) ಲೋಕವೇ ಇದೆ.

ಗಿಟ್ ಹುಟ್ಟಿದ್ದು 2005ರಲ್ಲಿ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಕೋಡ್ ನೋಡಿಕೊಳ್ಳಲು ಲೀನಸ್ ಟೊರ್ವಾಲ್ಡ್ಸ್ ಬರೆದದ್ದು. ಮೊದಮೊದಲು ಅದರ ಎಷ್ಟೋ ಭಾಗ ಯುನಿಕ್ಸ್ ಶೆಲ್ (ಟೈಪ್ ಮಾಡಿದ ಕಮಾಂಡ್ ಓಡಿಸುವ ಪ್ರೋಗ್ರಾಂ) ಮತ್ತು ಪರ್ಲ್ ಭಾಷೆಯ ಸ್ಕ್ರಿಪ್ಟ್‌ಗಳಲ್ಲೇ ಇತ್ತು. ವಿಂಡೋಸ್ ಜೊತೆ ಇವೆರಡೂ ಬರುವುದಿಲ್ಲ. ಹಾಗಾಗಿ ಗಿಟ್ ಜೊತೆಗೆ ಬ್ಯಾಷ್ ಶೆಲ್ ಬಂತು, ಅದರ ಹಿಂದೆಯೇ ಪಠ್ಯ ಹುಡುಕುವ, ತಿದ್ದುವ, ಜೋಡಿಸುವ ಪುಟ್ಟ ಕಮಾಂಡ್‌ಗಳಾದ ಗ್ರೆಪ್, ಸೆಡ್, ಆಕ್, ಸಾರ್ಟ್, ಟೇಲ್ ಎಲ್ಲ ಬಂದವು. ಮದುವೆಗೆ ಒಬ್ಬರನ್ನು ಕರೆದರೆ ಮನೆಮಂದಿಯೆಲ್ಲ ಬಂದ ಹಾಗೆ.

ಉಪಯೋಗ ಗೊತ್ತಾಗುವುದು ದೊಡ್ಡ ಲಾಗ್ ಫೈಲ್ (ಪ್ರೋಗ್ರಾಂ ಬರೆದಿಡುವ ಆಗುಹೋಗುಗಳ ದಾಖಲೆ) ಎದುರಿಗಿದ್ದಾಗ. ನೋಟ್‌ಪ್ಯಾಡ್‌ನಲ್ಲಿ ಅದನ್ನು ತೆರೆದು ಒದ್ದಾಡಬೇಕಿಲ್ಲ. ಗ್ರೆಪ್ ಎರರ್ ಇರುವ ಸಾಲುಗಳನ್ನಷ್ಟೇ ಹೆಕ್ಕುತ್ತದೆ. ಪೈಪ್ (ಒಂದು ಕಮಾಂಡ್ ಕೊಟ್ಟದ್ದನ್ನು ಇನ್ನೊಂದಕ್ಕೆ ದಾಟಿಸುವ '|' ಗುರುತು) ಹಾಕಿ ಅದನ್ನು ಕಟ್‌ಗೆ ಕೊಟ್ಟರೆ ಬೇಕಾದ ಕಾಲಂ ಮಾತ್ರ ಉಳಿಯುತ್ತದೆ. ಆಮೇಲೆ ಸಾಲುಗಳನ್ನು ಕ್ರಮವಾಗಿ ಜೋಡಿಸುವ ಸಾರ್ಟ್, ಕೊನೆಗೆ 'ಯುನಿಕ್ -ಸಿ'. ಯಾವ ಎರರ್ ಎಷ್ಟು ಸಲ ಬಂದಿದೆ ಅಂತ ಲೆಕ್ಕ ಸಿಗುತ್ತದೆ. ಸಾರ್ಟ್ ಬಿಟ್ಟರೆ ಲೆಕ್ಕ ತಪ್ಪುತ್ತದೆ, ಯಾಕಂದ್ರೆ ಯುನಿಕ್ ನೋಡುವುದು ಅಕ್ಕಪಕ್ಕದ ಸಾಲುಗಳನ್ನು ಮಾತ್ರ.

ಹಾಗಂತ ಇದು ಲಿನಕ್ಸ್ ಅಲ್ಲ. ಒಳಗಿರುವ ಯುನಿಕ್ಸ್ ಸಾಮಾನೆಲ್ಲ ವಿಂಡೋಸ್‌ನಲ್ಲಿ ಓಡುವಂತೆ ಮತ್ತೆ ಕಂಪೈಲ್ ಮಾಡಿದ್ದು. ಎಂಸಿಸ್2 ಎಂಬುದರ ಮೇಲೆ ನಿಂತಿದೆ, ಅದರ ಮೂಲ ಯುನಿಕ್ಸ್ ಪ್ರೋಗ್ರಾಂಗಳನ್ನು ವಿಂಡೋಸ್‌ಗೆ ತರುವ 1995ರ ಸಿಗ್ವಿನ್. ಯುನಿಕ್ಸ್ ಪ್ರೋಗ್ರಾಂಗಳು ಕೇಳುವುದನ್ನು ವಿಂಡೋಸ್‌ಗೆ ತಿಳಿಯುವಂತೆ ಹೇಳುವ ಒಂದು ಡಿಎಲ್‌ಎಲ್ (ಬೇರೆ ಪ್ರೋಗ್ರಾಂಗಳು ಬಳಸುವ ಕೋಡ್ ಇರುವ ಫೈಲ್) ನಡುವೆ ಕೂತಿರುತ್ತದೆ. ಓಡುತ್ತಿರುವ ಪ್ರೋಗ್ರಾಂನ ನಕಲು ಮಾಡಿ ಹೊಸದನ್ನು ಶುರುಮಾಡುವ ಯುನಿಕ್ಸ್‌ನ ಫೋರ್ಕ್‌ಗೆ ವಿಂಡೋಸ್‌ನಲ್ಲಿ ನೇರ ಜೋಡಿ ಇಲ್ಲ, ಅದನ್ನು ಹೇಗೋ ನಟಿಸಬೇಕು. ಸಣ್ಣ ಸಣ್ಣ ಕಮಾಂಡ್‌ಗಳನ್ನು ಲೂಪ್‌ನಲ್ಲಿ ಜಾಸ್ತಿ ಸಲ ಓಡಿಸಿದರೆ ನಿಧಾನ ಆಗುವುದು ಇದಕ್ಕೇ.

ಇನ್ನೊಂದು ಕಿರಿಕಿರಿ ದಾರಿಗಳದ್ದು, ಅಂದರೆ ಫೈಲ್ ಎಲ್ಲಿದೆ ಅಂತ ಹೇಳುವ ಪಾತ್‌ಗಳದ್ದು. ಇಲ್ಲಿ ಸಿ ಡ್ರೈವ್ ಅಂದರೆ '/ಸಿ'. ಸ್ಲ್ಯಾಶ್‌ನಿಂದ ಶುರುವಾಗುವುದನ್ನೆಲ್ಲ ದಾರಿ ಅಂತಲೇ ತಿಳಿದು, ವಿಂಡೋಸ್ ಪ್ರೋಗ್ರಾಂಗೆ ಕೊಡುವ ಮುಂಚೆ ಬದಲಿಸಿಬಿಡುತ್ತದೆ. ಹಟ ಹಿಡಿದ ಪ್ರೋಗ್ರಾಂ ನಿಲ್ಲಿಸೋಣ ಅಂತ ವಿಂಡೋಸ್‌ನ ಟಾಸ್ಕ್‌ಕಿಲ್ ಕಮಾಂಡ್ ಜೊತೆ '/ಎಫ್' ಹಾಕಿದರೆ, ಅದು ಎಫ್ ಡ್ರೈವ್ ಆಗಿ ಹೋಗುತ್ತದೆ, ಕಮಾಂಡ್ ಬೈಯುತ್ತದೆ. ಸ್ಲ್ಯಾಶ್ ಎರಡು ಸಲ ಹಾಕಿ, ಸರಿಹೋಗುತ್ತದೆ.

ನಿಜವಾದ ಲಿನಕ್ಸ್ ಬೇಕು ಅಂದರೆ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ ಇದೆ. ಮೈಕ್ರೋಸಾಫ್ಟ್ 2016ರಲ್ಲಿ ತಂದದ್ದು. ಅದರ ಎರಡನೇ ಆವೃತ್ತಿಯಲ್ಲಿ ಅಸಲಿ ಲಿನಕ್ಸ್ ಕರ್ನಲ್ಲೇ ಒಂದು ಹಗುರ ವರ್ಚುವಲ್ ಮಷೀನ್‌ನಲ್ಲಿ ಓಡುತ್ತದೆ. ಆದರೆ ಅದನ್ನು ಆನ್ ಮಾಡಲು ಅಡ್ಮಿನ್ ಹಕ್ಕು ಬೇಕು. ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಅದು ಯಾರಿಗೆ ಸುಮ್ನೆ ಸಿಗುತ್ತದೆ ಹೇಳಿ! ಗಿಟ್ ಬ್ಯಾಷ್‌ಗಾದರೆ ಇನ್‌ಸ್ಟಾಲ್ ಮಾಡದೆಯೇ ಓಡುವ ಪೋರ್ಟಬಲ್ ಆವೃತ್ತಿಯೂ ಇದೆ. ಲಾಗ್ ಹುಡುಕಲು, ಫೈಲ್ ಹೆಸರು ಬದಲಿಸಲು ಅದು ಧಾರಾಳ ಸಾಕು ಅನ್ನುವುದು ನನ್ನ ಅಭಿಪ್ರಾಯ. ಕೋಡ್‌ನಿಂದ ಪ್ರೋಗ್ರಾಂ ಕಟ್ಟುವ ಮೇಕ್, ಫೈಲ್‌ಗಳನ್ನು ನಕಲಿಸಿ ಹೊಂದಿಸುವ ಆರ್‌ಸಿಂಕ್ ಮಾತ್ರ ಅದರಲ್ಲಿ ಬರುವುದಿಲ್ಲ. ಕಮಾಂಡ್‌ಗಳ ಕೈಪಿಡಿ ತೋರಿಸುವ ಮ್ಯಾನ್ ಕೂಡ ಇಲ್ಲ, ಕಮಾಂಡ್ ಆದಮೇಲೆ '--ಹೆಲ್ಪ್' ಹಾಕಿ ನೋಡಿಕೊಳ್ಳಬೇಕು.