ಒಳ್ಳೆಯ ಕೊಲೆಸ್ಟ್ರಾಲ್ ಕಮ್ಮಿ ಇರುವುದು ವಂಶದಿಂದ ಬಂದದ್ದಾ?

ಪ್ರಶ್ನೆ: ನನಗೆ 36 ವರ್ಷ, ಊರು ಗಂಗಾವತಿ. ರಕ್ತ ಪರೀಕ್ಷೆಯಲ್ಲಿ ಒಳ್ಳೆಯ ಕೊಲೆಸ್ಟ್ರಾಲ್ ಅಂದರೆ ಎಚ್‌ಡಿಎಲ್ 29 ಬಂದಿದೆ. ಅಪ್ಪನಿಗೂ ಕಮ್ಮಿ ಇತ್ತು, ಅವರಿಗೆ 48ಕ್ಕೇ ಹಾರ್ಟ್ ಅಟ್ಯಾಕ್ ಆಯಿತು. ಇದು ವಂಶದಿಂದ ಬಂದದ್ದಾ? ಜಾಸ್ತಿ ಮಾಡಲು ಮಾತ್ರೆ ಇದೆಯಾ?

ಉತ್ತರ: ವಂಶದ ಪಾಲು ಖಂಡಿತ ಇದೆ. ಒಬ್ಬರಿಂದ ಒಬ್ಬರಿಗೆ ಎಚ್‌ಡಿಎಲ್‌ನಲ್ಲಿ ಕಾಣುವ ವ್ಯತ್ಯಾಸದ ಸುಮಾರು ಅರ್ಧ ಜೀನ್‌ಗಳಿಂದಲೇ ಬರುತ್ತದೆ. ಆದರೆ ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು 29 ಅಲ್ಲ, ಆ 48. ಅಪ್ಪನಿಗೆ 55ರೊಳಗೆ ಅಥವಾ ಅಮ್ಮನಿಗೆ 65ರೊಳಗೆ ಹೃದಯಾಘಾತ ಆಗಿದ್ದರೆ ಮಕ್ಕಳಿಗೆ ಅಪಾಯ ಜಾಸ್ತಿ.

ಒಂದೇ ಜೀನ್ ಕೆಟ್ಟು ಎಚ್‌ಡಿಎಲ್ ಸೊನ್ನೆಯ ಹತ್ತಿರಕ್ಕೆ ಇಳಿಯುವ ಕಾಯಿಲೆಯೂ ಇದೆ. ಅಮೆರಿಕದ ಟ್ಯಾಂಜಿಯರ್ ದ್ವೀಪದಲ್ಲಿ ಮೊದಲು ಕಂಡದ್ದಕ್ಕೆ ಅದೇ ಹೆಸರು. ಟಾನ್ಸಿಲ್ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಜೀವಕೋಶದಿಂದ ಕೊಲೆಸ್ಟ್ರಾಲನ್ನು ಹೊರಗೆ ದಾಟಿಸುವ ಎಬಿಸಿಎ1 ಜೀನ್ ಇದಕ್ಕೆ ಕಾರಣ ಅಂತ 1999ರಲ್ಲಿ ಗೊತ್ತಾಯಿತು. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಈ ಕಾಯಿಲೆ. ಸೋದರಮಾವನಿಗೋ ಅತ್ತೆ ಮಗನಿಗೋ ಹೆಣ್ಣು ಕೊಡುವ ನಮ್ಮ ಕಡೆ, ಎಚ್‌ಡಿಎಲ್ ಹತ್ತಕ್ಕಿಂತ ಕೆಳಗಿದ್ದರೆ ಇಂಥದ್ದನ್ನು ನೆನೆಯಬೇಕು. ನಿಮ್ಮದು ಆ ಮಟ್ಟದ್ದಲ್ಲ.

ಈಗ ಮುಖ್ಯ ಮಾತು. ಎಬಿಸಿಎ1 ಜೀನಿನ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಕೆಟ್ಟಿದ್ದವರನ್ನು ಡೆನ್ಮಾರ್ಕಿನಲ್ಲಿ ನೋಡಿದರು. ಎಚ್‌ಡಿಎಲ್ ಕಮ್ಮಿ ಇತ್ತು, ಹೃದಯದ ಕಾಯಿಲೆ ಮಾತ್ರ ಅದರಿಂದ ಹೆಚ್ಚಿರಲಿಲ್ಲ. ಇಟಲಿಯ ಲಿಮೋನೆ ಎಂಬ ಊರಿನ ಕೆಲವು ಮನೆತನಗಳಲ್ಲೂ ಹೀಗೇ. ಇನ್ನು ಮಾತ್ರೆ ವಿಷಯ: ಎಚ್‌ಡಿಎಲ್ ಏರಿಸುವ ಟಾರ್ಸೆಟ್ರಾಪಿಬ್ ಎಂಬ ಮಾತ್ರೆಯ ಪ್ರಯೋಗವನ್ನು 2006ರಲ್ಲಿ ನಿಲ್ಲಿಸಬೇಕಾಯಿತು. ಎಚ್‌ಡಿಎಲ್ ಚೆನ್ನಾಗಿ ಏರಿತ್ತು, ಸಾವೂ ಏರಿತ್ತು. ಅಂದರೆ ಹೆಚ್ಚಿನವರಲ್ಲಿ ಎಚ್‌ಡಿಎಲ್ ಬರೀ ಸೂಚನೆ. ದೋಷ ಬೇರೆ ಕಡೆ ಇರುತ್ತದೆ.

ಎಲ್ಲಿ? ಬಹಳ ಸಲ ರಕ್ತದಲ್ಲಿರುವ ಕೊಬ್ಬಾದ ಟ್ರೈಗ್ಲಿಸರೈಡ್‌ನಲ್ಲಿ. ರಕ್ತದಲ್ಲಿ ಅದು ಹೆಚ್ಚಾದರೆ ಎಚ್‌ಡಿಎಲ್ ಕಣಗಳಿಗೂ ಸೇರಿಕೊಳ್ಳುತ್ತದೆ. ಅಂಥ ಕಣಗಳನ್ನು ದೇಹ ಬೇಗ ಒಡೆದುಹಾಕುತ್ತದೆ. ಹೊಟ್ಟೆಯ ಬೊಜ್ಜು, ಶುಗರ್, ಮೂರು ಹೊತ್ತೂ ಸೋನಾ ಮಸೂರಿ ಅನ್ನ, ಅದರ ಮೇಲೆ ಸಕ್ಕರೆ ಚಹಾ, ಇವೆಲ್ಲ ಟ್ರೈಗ್ಲಿಸರೈಡ್ ಏರಿಸುತ್ತವೆ. ಬೆಳಿಗ್ಗೆ ಮಂಡಾಳು ಒಗ್ಗರಣೆ, ಮಿರ್ಚಿ ತಿಂದು ದಿನವಿಡೀ ಕೂತೇ ಇದ್ದರೆ ಕೇಳಬೇಕೇ? ಭತ್ತದ ನಾಡಿನವರಿಗೆ ಅನ್ನ ಬಿಡಿ ಅಂತ ನಾನು ಹೇಳುವುದಿಲ್ಲ. ರಾತ್ರಿಗೆ ಜೋಳದ ರೊಟ್ಟಿ, ಕಾಳು ಪಲ್ಯ ಮಾಡಿಕೊಳ್ಳಿ. ದಿನಾ ಬಿರುಸಾಗಿ ನಡೆಯಿರಿ. ಬೀಡಿ, ಸಿಗರೇಟ್ ಇದ್ದರೆ ಇವತ್ತೇ ಬಿಡಿ, ಬಿಟ್ಟರೆ ಎಚ್‌ಡಿಎಲ್ ತಾನೇ ಸ್ವಲ್ಪ ಏರುತ್ತದೆ.

2014ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 72 ಜನರಿಗೆ ಎಚ್‌ಡಿಎಲ್ ಕಮ್ಮಿ ಇತ್ತು. ಹಾಗಾಗಿ ನೀವೊಬ್ಬರೇ ಅಲ್ಲ. ಆದರೆ ಅಪ್ಪನ ಇತಿಹಾಸ ಇರುವುದರಿಂದ ನೀವು ಸುಮ್ನೆ ಕೂರಬಾರದು. ರಿಪೋರ್ಟಿನಲ್ಲಿ ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆಯಿರಿ. ಉಳಿಯುವುದೇ ರಕ್ತನಾಳಕ್ಕೆ ಕೂರುವಂಥದ್ದು, 130ರೊಳಗಿದ್ದರೆ ಒಳ್ಳೆಯದು. ಲಿಪೊಪ್ರೋಟೀನ್-ಎ ಎಂಬ ಪರೀಕ್ಷೆಯನ್ನು ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು, ಅದು ಹೆಚ್ಚುಕಮ್ಮಿ ಪೂರ್ತಿ ವಂಶದ್ದೇ. ಬಿಪಿ, ಶುಗರ್ ಜೊತೆಗೆ ಇವನ್ನೆಲ್ಲ ಹಿಡಿದು ಡಾಕ್ಟರ ಹತ್ತಿರ ಹೋಗಿ. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬೇಕೋ ಬೇಡವೋ ಅವರು ಹೇಳುತ್ತಾರೆ. ಹೋಗುವಾಗ ಅಣ್ಣತಮ್ಮ, ಅಕ್ಕತಂಗಿಯರನ್ನೂ ಕರೆದುಕೊಂಡು ಹೋಗಿ, ಅವರೂ ಅದೇ ಅಪ್ಪನ ಮಕ್ಕಳು ಅಲ್ವಾ.